ಬಿಸಿಲ ನಾಡಿನಲ್ಲಿ ಉತ್ತಮ ವೈನ್: ತಿಳಿಯುವ ಬಗೆ, ಮನೆಯಲ್ಲಿ ಕಾಪಿಡುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಮನೆಯಲ್ಲೊಂದು ವೈನ್ ಸಂಗ್ರಹ ಕಟ್ಟಬೇಕೆಂದು ಬಯಸುವವರು ಬಾಟಲಿಗಳನ್ನು ಕೊಳ್ಳುವ ಮೊದಲು ಬೇಸಿಗೆಯ ಲೆಕ್ಕ ಹಾಕಬೇಕು. ಏಪ್ರಿಲ್‌ನಿಂದ ಮುಂಗಾರಿನ ಮೊದಲ ಮಳೆಯವರೆಗೆ ಕಲಬುರಗಿಯಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಸ್ಲ್ಯಾಬ್ ಹಾಕಿದ ಮನೆಯ ಮೇಲಂತಸ್ತಿನ ಕೋಣೆಗಳು ನಡುರಾತ್ರಿಯಾದರೂ ಕಾವು ಬಿಡುವುದಿಲ್ಲ. ವೈನ್ ಅನ್ನು ವರ್ಷಗಟ್ಟಲೆ ಇಡಲು ಎಲ್ಲೆಡೆ ಒಪ್ಪಿಕೊಂಡಿರುವ ಉಷ್ಣಾಂಶ 12ರಿಂದ 14 ಡಿಗ್ರಿ. ಈ ವಿಷಯದಲ್ಲಿ ಸಿಗುವ ಮಾರ್ಗದರ್ಶಿ ಬರಹಗಳಲ್ಲಿ ಹೆಚ್ಚಿನವು ತಂಪಾದ ನೆಲಮಾಳಿಗೆಯುಳ್ಳ ಯುರೋಪಿನ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವುಗಳನ್ನು ನಂಬಿ ಬೆಲೆಬಾಳುವ ಬಾಟಲಿ ತಂದು, ಹಜಾರದ ಶೋಕೇಸಿನಲ್ಲಿ ನಿಲ್ಲಿಸಿ, ಎರಡು ಬೇಸಿಗೆ ಕಳೆದ ಮೇಲೆ ಮಗಳ ಮದುವೆಗೋ ಮನೆಯ ವಾಸ್ತುವಿಗೋ ತೆರೆದರೆ ಒಳಗೆ ಸಿಗುವುದು ಬೆಂದ ಹಣ್ಣಿನ ವಾಸನೆಯ, ಜೀವವಿಲ್ಲದ ಪಾನೀಯ. ಆದ್ದರಿಂದ ನಮ್ಮ ಹವೆಯನ್ನೇ ಆಧಾರವಾಗಿಟ್ಟುಕೊಂಡು, ವೈನ್ ಎಂದರೇನು, ಅದನ್ನು ಗುರುತಿಸುವುದು ಹೇಗೆ, ಯಾವುದನ್ನು ಎಷ್ಟು ಕಾಲ ಇಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವೈನ್ ಏಕೆ ಬದಲಾಗುತ್ತದೆ

ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಹಣ್ಣಿನಲ್ಲಿ ಸಕ್ಕರೆ ಎಷ್ಟಿದೆಯೆಂದು ತಿಳಿಯಲು ಬ್ರಿಕ್ಸ್ ನೋಡುವ ಪದ್ಧತಿ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆಲ್ಲ ಗೊತ್ತು. ವೈನ್‌ಗಾಗಿ ಬೆಳೆದ ಹಣ್ಣನ್ನು ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ ಬಂದಾಗ ಕೊಯ್ಯುತ್ತಾರೆ, ಅದರಿಂದ ಶೇಕಡಾ 12.5ರಿಂದ 14ರಷ್ಟು ಆಲ್ಕೋಹಾಲ್ ಇರುವ ವೈನ್ ಆಗುತ್ತದೆ. ಆದರೆ ಒಣದ್ರಾಕ್ಷಿಗೆ ಬಳಸುವ ಥಾಮ್ಸನ್ ಸೀಡ್‌ಲೆಸ್ ತಳಿಗೂ ಉತ್ತಮ ವೈನ್ ಆಗುವ ತಳಿಗಳಿಗೂ ಬಹಳ ಅಂತರವಿದೆ. ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್ ಮುಂತಾದವು ಕಾಳು ಸಣ್ಣದಾಗಿ, ಸಿಪ್ಪೆ ದಪ್ಪವಾಗಿ, ಒಳಗೆ ಬೀಜ ತುಂಬಿಕೊಂಡು ಇರುತ್ತವೆ. ತಿನ್ನಲು ಅಷ್ಟೇನೂ ಹಿತವಲ್ಲದ ಈ ಗುಣಗಳೇ ವೈನ್‌ಗೆ ಬೇಕಾದವು. ಕೆಂಪು ವೈನ್‌ನಲ್ಲಿ ರಸವನ್ನು ಸಿಪ್ಪೆ ಮತ್ತು ಬೀಜದೊಡನೆಯೇ ಹುದುಗಲು ಬಿಡುವುದರಿಂದ ಬಣ್ಣವೂ ಟ್ಯಾನಿನ್ ಎಂಬ ಒಗರೂ ಅದರಲ್ಲಿ ಇಳಿಯುತ್ತವೆ. ಬಿಳಿ ವೈನ್‌ನಲ್ಲಿ ಹುದುಗುವ ಮೊದಲೇ ರಸವನ್ನು ಹಿಂಡಿ ಬೇರ್ಪಡಿಸುತ್ತಾರೆ. ನೇರಳೆ ಹಣ್ಣು ತಿಂದಾಗ ನಾಲಿಗೆಯೂ ಒಸಡೂ ಹೇಗೆ ಬಿಗಿದುಕೊಳ್ಳುತ್ತವೆಯೋ ಹಾಗೆ ಕೆಂಪು ವೈನ್ ಕುಡಿದಾಗ ಆಗುವ ಬಿಗಿತಕ್ಕೆ ಈ ಟ್ಯಾನಿನ್ ಕಾರಣ.

ಆಮ್ಲತೆ, ಒಗರು, ಆಲ್ಕೋಹಾಲ್, ಉಳಿದಿರುವ ಸಕ್ಕರೆ, ಈ ನಾಲ್ಕರ ಹೊಂದಾಣಿಕೆಯಲ್ಲಿ ವೈನ್‌ನ ಗುಣ ನಿಂತಿದೆ. ಕಾಲ ಕಳೆದಂತೆ ಕೆಂಪು ವೈನ್‌ನ ಟ್ಯಾನಿನ್ ಅಣುಗಳು ತಮ್ಮತಮ್ಮಲ್ಲಿ ಮತ್ತು ಬಣ್ಣದ ಅಣುಗಳೊಡನೆ ಕೂಡಿಕೊಂಡು ದೊಡ್ಡದಾಗಿ, ಕೊನೆಗೆ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಒಗರು ಮೆತ್ತಗಾಗುತ್ತದೆ, ತಾಜಾ ಹಣ್ಣಿನ ಪರಿಮಳ ಹಿಂದೆ ಸರಿದು ಒಣಹಣ್ಣು, ತೊಗಲು, ತಂಬಾಕಿನ ಎಲೆ, ಹಸಿಮಣ್ಣಿನ ವಾಸನೆಗಳು ಮುಂದೆ ಬರುತ್ತವೆ. ಆಮ್ಲತೆ ಮತ್ತು ಒಗರು, ಇಲ್ಲವೇ ಆಮ್ಲತೆ ಮತ್ತು ಸಕ್ಕರೆ ಹೇರಳವಾಗಿರುವ ವೈನ್ ಮಾತ್ರ ಇಂಥ ದೀರ್ಘ ಪಯಣವನ್ನು ತಾಳಬಲ್ಲದು. ಜಗತ್ತಿನಲ್ಲಿ ತಯಾರಾಗುವ ವೈನ್‌ನ ಬಹುಪಾಲು ಒಂದೆರಡು ವರ್ಷಗಳಲ್ಲಿ ಕುಡಿಯಲೆಂದೇ ಮಾಡಿದ್ದು. ಅದನ್ನು ಹತ್ತು ವರ್ಷ ಇಟ್ಟರೆ ಅದು ಉತ್ತಮಗೊಳ್ಳುವುದಿಲ್ಲ, ಸುಮ್ಮನೆ ಮುದಿಯಾಗುತ್ತದೆ. ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಹೊಸಬರ ಹಣ ಹೆಚ್ಚಾಗಿ ಪೋಲಾಗುವುದೂ ಈ ನಂಬಿಕೆಯಿಂದಲೇ.

ಶಾಖ ಹೆಚ್ಚಾದರೆ ರಾಸಾಯನಿಕ ಕ್ರಿಯೆಗಳು ವೇಗಗೊಳ್ಳುತ್ತವೆ. ಉಷ್ಣಾಂಶ 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಹಾಗೆಂದು ಬೇಸಿಗೆಯ ಕೋಣೆಯಲ್ಲಿಟ್ಟ ವೈನ್ ಬೇಗನೆ ಮಾಗುತ್ತದೆಂದು ತಿಳಿಯಬಾರದು. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲವಾದ್ದರಿಂದ ಮಾಗುವಿಕೆಗಿಂತ ಕೆಡುವಿಕೆ ಮುಂದೋಡುತ್ತದೆ. ಜೊತೆಗೆ ಕಾವಿಗೆ ಹಿಗ್ಗಿದ ದ್ರವ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ರಾತ್ರಿ ತಂಪಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನವೂ ನಡೆಯುವ ಈ ಏರಿಳಿತವು, ನನ್ನ ತಿಳಿವಳಿಕೆಯಲ್ಲಿ, ಸ್ಥಿರವಾದ ಸ್ವಲ್ಪ ಹೆಚ್ಚು ಉಷ್ಣಾಂಶಕ್ಕಿಂತಲೂ ಹೆಚ್ಚು ಹಾನಿಕರ.

ಮೂಗಿಗೂ ನಾಲಿಗೆಗೂ ಪಾಠ

ಸಂಗ್ರಹಕ್ಕೆ ಹಣ ಹಾಕುವ ಮೊದಲು ಸವಿಯುವುದನ್ನು ಕಲಿಯಬೇಕು. ಒಂದೊಂದೇ ವೈನ್ ಕುಡಿಯುತ್ತ ಹೋದರೆ ತಿಳಿಯುವುದು ಕಡಿಮೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಒಂದೇ ಸಂಜೆಯಲ್ಲಿ ಬಹಳ ತಿಳಿಯುತ್ತದೆ. ಗೆಳೆಯರು ನಾಲ್ಕೈದು ಮಂದಿ ಸೇರಿ ಎರಡು ಬಾಟಲಿ ತಂದರೆ ತಲಾ ಖರ್ಚೂ ಕಡಿಮೆ. ಒಂದೇ ಬಗೆಯ ಎರಡು ಲೋಟಗಳಲ್ಲಿ 50 ಮಿಲಿಲೀಟರ್‌ನಂತೆ ಸುರಿದು, ಬಿಳಿ ಕಾಗದದ ಮೇಲೆ ಲೋಟವನ್ನು ಓರೆಯಾಗಿಸಿ ಅಂಚಿನ ಬಣ್ಣ ನೋಡಬೇಕು. ಎಳೆಯ ಕೆಂಪು ವೈನ್‌ನ ಅಂಚು ನೇರಳೆಯಾಗಿಯೂ ಮಾಗಿದ್ದರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿಯೂ ಇರುತ್ತದೆ. ಆಮೇಲೆ ಲೋಟವನ್ನು ಅಲುಗಾಡಿಸದೆ ಒಮ್ಮೆ, ಮೆಲ್ಲನೆ ತಿರುಗಿಸಿ ಇನ್ನೊಮ್ಮೆ ಮೂಸಬೇಕು. ಕೊನೆಗೆ ಒಂದು ಗುಟುಕನ್ನು ಬಾಯಿತುಂಬ ಆಡಿಸಿ, ಬಾಯಲ್ಲಿ ನೀರೂರುವುದೇ ಎಂದು ನೋಡಿದರೆ ಆಮ್ಲತೆಯೂ, ಒಸಡು ಬಿಗಿಯುವುದೇ ಎಂದು ನೋಡಿದರೆ ಟ್ಯಾನಿನ್ನೂ, ಗಂಟಲು ಬೆಚ್ಚಗಾಗುವುದೇ ಎಂದು ನೋಡಿದರೆ ಆಲ್ಕೋಹಾಲೂ ತಿಳಿಯುತ್ತವೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆಂಬುದು ಉತ್ತಮ ವೈನ್‌ನ ನಂಬಲರ್ಹ ಗುರುತು.

ವೈನ್‌ನ ವಾಸನೆಗಳನ್ನು ವರ್ಣಿಸುವ ಮಾತುಗಳನ್ನು ಬರೀ ಆಡಂಬರವೆಂದು ಹಲವರು ಭಾವಿಸುತ್ತಾರೆ. ಅವುಗಳ ಹಿಂದೆ ನಿಜವಾದ ರಸಾಯನಶಾಸ್ತ್ರವಿದೆ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಬರುವುದು ರೋಟಂಡೋನ್ ಎಂಬ ವಸ್ತುವಿನಿಂದ, ಕರಿಮೆಣಸಿನ ಕಾಳಿನಲ್ಲಿರುವುದೂ ಅದೇ ವಸ್ತು. ಪೂರ್ತಿ ಮಾಗದ ಕ್ಯಾಬರ್ನೆ ದ್ರಾಕ್ಷಿಯಲ್ಲಿ ಹಾಗೂ ಸೊವಿನ್ಯೋಂ ಬ್ಲಾಂ ಎಂಬ ಬಿಳಿ ತಳಿಯಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿರು ವಾಸನೆ ತರುವ ಪೈರಝಿನ್‌ಗಳು ದೊಣ್ಣೆ ಮೆಣಸಿನಕಾಯಿಯಲ್ಲೂ ಇವೆ. ವಿದೇಶಿ ಪುಸ್ತಕಗಳು ಹೇಳುವ ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿಗಳನ್ನು ನಮ್ಮಲ್ಲಿ ಹೆಚ್ಚಿನವರು ತಿಂದಿಲ್ಲ, ತಿನ್ನದ ಹಣ್ಣಿನ ಹೆಸರನ್ನು ಬಾಯಿಪಾಠ ಮಾಡುವ ಅಗತ್ಯವೂ ಇಲ್ಲ. ಪೇರಲ, ನೇರಳೆ, ಅಂಜೂರ, ಹುಣಸೆ, ಲವಂಗ, ಸುಟ್ಟ ಬೆಲ್ಲ, ಹೊಸ ಮಳೆಗೆ ನೆಂದ ಎರೆಮಣ್ಣು ಎಂದು ನಮ್ಮ ಮೂಗಿಗೆ ನೆನಪಾದದ್ದನ್ನೇ ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡಬೇಕು. ಆರು ತಿಂಗಳ ಬಳಿಕ ಅದೇ ವೈನ್ ಮತ್ತೆ ಸಿಕ್ಕಾಗ ಆ ಬರಹವೇ ಗುರು.

ಕ್ರಮಬದ್ಧವಾಗಿ ಕಲಿಯಬಯಸುವವರಿಗೆ 1969ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ವೈನ್ ಆ್ಯಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್ ನಡೆಸುವ ಹಂತಹಂತದ ಪರೀಕ್ಷೆಗಳಿವೆ. ಈ ಕ್ಷೇತ್ರದ ಅತ್ಯುನ್ನತ ಅರ್ಹತೆಯಾದ ಮಾಸ್ಟರ್ ಆಫ್ ವೈನ್ ಪದವಿಯನ್ನು ಭಾರತದಲ್ಲಿ ಮೊದಲಿಗೆ ಪಡೆದವರು ಸೋನಲ್ ಹಾಲೆಂಡ್, 2016ರಲ್ಲಿ. ಇಂಥ ವೃತ್ತಿಪರರು ಸವಿಯುವಾಗ ಗುಟುಕನ್ನು ನುಂಗದೆ ಉಗುಳುತ್ತಾರೆ. ಹೊಸಬರೂ ಈ ರೂಢಿಯನ್ನು ಸಂಕೋಚವಿಲ್ಲದೆ ಬೆಳೆಸಿಕೊಳ್ಳಬೇಕು. ಆಲ್ಕೋಹಾಲ್‌ಗೆ ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ; ಕಡಿಮೆ ಕುಡಿದು ಹೆಚ್ಚು ಗಮನಿಸುವವರಿಗೆ ಮಾತ್ರ ಈ ಹವ್ಯಾಸ ಒಗ್ಗುತ್ತದೆ.

ಲೇಬಲ್ ಓದುವ ಕ್ರಮ

ಯುರೋಪಿನ ಹಳೆಯ ಪ್ರದೇಶಗಳ ಲೇಬಲ್ ಮೇಲೆ ಸಾಮಾನ್ಯವಾಗಿ ಊರಿನ ಹೆಸರಿರುತ್ತದೆ, ದ್ರಾಕ್ಷಿಯ ಹೆಸರಿರುವುದಿಲ್ಲ. ಭಾರತ, ಆಸ್ಟ್ರೇಲಿಯಾ, ಚಿಲಿ, ಅಮೆರಿಕಗಳಲ್ಲಿ ದ್ರಾಕ್ಷಿಯ ಹೆಸರೇ ಎದ್ದು ಕಾಣುತ್ತದೆ. ಆದ್ದರಿಂದ ಫ್ರಾನ್ಸಿನ ಬರ್ಗಂಡಿಯ ಕೆಂಪು ವೈನ್ ಎಂದರೆ ಪಿನೋ ನ್ವಾರ್ ದ್ರಾಕ್ಷಿ, ಇಟಲಿಯ ಬರೋಲೋ ಎಂದರೆ ನೆಬ್ಬಿಯೋಲೋ, ಸ್ಪೇನಿನ ರಿಯೋಹಾ ಎಂದರೆ ಮುಖ್ಯವಾಗಿ ಟೆಂಪ್ರಾನಿಯೋ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

ಫ್ರಾನ್ಸಿನ ಬೋರ್ಡೋ ಪ್ರದೇಶದ ಶ್ರೇಣಿ ವ್ಯವಸ್ಥೆ 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ರೂಪುಗೊಂಡಿತು. ವ್ಯಾಪಾರದ ದಲ್ಲಾಳಿಗಳು ಅಂದಿನ ಮಾರುಕಟ್ಟೆ ಬೆಲೆಯನ್ನು ಆಧರಿಸಿ ಎಸ್ಟೇಟುಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿದರು. ಮೊದಲ ದರ್ಜೆಗೆ ಸೇರಿದವು ಲಫೀತ್, ಲತೂರ್, ಮಾರ್ಗೋ ಮತ್ತು ಓ-ಬ್ರಿಯೋಂ. 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ಬಡ್ತಿ ಪಡೆದದ್ದನ್ನು ಬಿಟ್ಟರೆ ಆ ಪಟ್ಟಿಯ ಮೇಲ್ತುದಿ ಹಾಗೆಯೇ ಉಳಿದುಬಂದಿದೆ. ಬರ್ಗಂಡಿಯಲ್ಲಿ ಶ್ರೇಣಿ ಇರುವುದು ಎಸ್ಟೇಟಿಗಲ್ಲ, ಹೊಲಕ್ಕೆ. ಸುಮಾರು 50 ಹೆಕ್ಟೇರ್ ವಿಸ್ತಾರದ ಕ್ಲೋ ದ ವೂಜೋ ಎಂಬ ಒಂದೇ ಹೊಲ ಸುಮಾರು 80 ಮಂದಿ ಒಡೆಯರ ನಡುವೆ ಹಂಚಿಹೋಗಿರುವುದರಿಂದ, ಒಂದೇ ಹೆಸರಿನ ಬಾಟಲಿಗಳು ಗುಣದಲ್ಲಿ ಬೇರೆಬೇರೆಯಾಗಿರುತ್ತವೆ. ಅಲ್ಲಿ ಹೊಲದ ಹೆಸರಿನಷ್ಟೇ ತಯಾರಕನ ಹೆಸರೂ ಮುಖ್ಯ. ಸ್ಪೇನಿನ ರಿಯೋಹಾ ಖರೀದಿದಾರನಿಗೆ ಹೆಚ್ಚು ಸಹಾಯಕ: ಕೆಂಪು ವೈನ್ ಮೇಲೆ ಕ್ರಿಯಾನ್ಸಾ ಎಂದಿದ್ದರೆ ಎರಡು ವರ್ಷ, ರಿಸರ್ವಾ ಎಂದಿದ್ದರೆ ಮೂರು ವರ್ಷ, ಗ್ರಾನ್ ರಿಸರ್ವಾ ಎಂದಿದ್ದರೆ ಐದು ವರ್ಷ ಕನಿಷ್ಠ ಮಾಗಿಸಿದ ನಂತರವೇ ಅದನ್ನು ಮಾರಾಟಕ್ಕೆ ಬಿಟ್ಟಿರುತ್ತಾರೆ. ಕಾಪಿಡುವ ಕಷ್ಟದ ಒಂದು ಪಾಲನ್ನು ತಯಾರಕನೇ ಹೊತ್ತಿರುವ ಇಂಥ ವೈನ್‌ಗಳು ನಮ್ಮಂಥ ಬಿಸಿಲ ಊರಿನವರಿಗೆ ವಿಶೇಷವಾಗಿ ಹೊಂದುತ್ತವೆ.

ದುಬಾರಿ ಫ್ರೆಂಚ್ ಹೆಸರೇ ಶ್ರೇಷ್ಠವೆಂಬ ಭಾವನೆಗೆ 1976ರ ಮೇ 24ರಂದು ಪ್ಯಾರಿಸ್‌ನಲ್ಲಿಯೇ ದೊಡ್ಡ ಪೆಟ್ಟು ಬಿತ್ತು. ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ, ಹೆಸರು ಮುಚ್ಚಿಟ್ಟು ಸವಿಯುವ ಆ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರು ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ 1973ರ ವೈನ್‌ಗಳಿಗೆ, ಅಂದರೆ ಸ್ಟ್ಯಾಗ್ಸ್ ಲೀಪ್ ಮತ್ತು ಶಾಟೋ ಮಾಂಟೆಲೀನಾಗಳಿಗೆ, ಮೊದಲ ಸ್ಥಾನ ಕೊಟ್ಟರು. ಮನೆಯಲ್ಲೂ ಬಾಟಲಿಗೆ ಕಾಗದ ಸುತ್ತಿ ಸವಿದು ನೋಡುವ ಅಭ್ಯಾಸವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬೆಲೆ ಕಾಣದಿದ್ದಾಗ ನಾಲಿಗೆ ನಿಜ ಹೇಳುತ್ತದೆ.

ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಯುರೋಪಿನಲ್ಲಿ ಕೊಯ್ಲು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಮ್ಮ ದಖ್ಖನಿನಲ್ಲಿ ಬಳ್ಳಿಯನ್ನು ವರ್ಷಕ್ಕೆರಡು ಸಲ ಸವರಿ, ಅಕ್ಟೋಬರ್ ಸುಮಾರಿನ ಚಾಟಣಿಯ ನಂತರ ಬಂದ ಫಸಲನ್ನು ಬೇಸಿಗೆ ಏರುವ ಮೊದಲು, ಜನವರಿಯಿಂದ ಮಾರ್ಚ್ ನಡುವೆ ಕೊಯ್ಯುತ್ತಾರೆ. ಹೀಗಾಗಿ ಒಂದೇ ವರ್ಷದ ಭಾರತೀಯ ವೈನ್ ಫ್ರೆಂಚ್ ವೈನ್‌ಗಿಂತ ಅರ್ಧ ವರ್ಷಕ್ಕೂ ಹೆಚ್ಚು ಹಿರಿಯದು.

ನಮ್ಮ ಸುತ್ತಲಿನ ತೋಟಗಳು

ಕಲಿಕೆಯನ್ನು ಹತ್ತಿರದಿಂದ ಆರಂಭಿಸಲು ನಮಗೆ ಒಳ್ಳೆಯ ಅವಕಾಶವಿದೆ. ಕಲಬುರಗಿಯ ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರತೆಲ್ಲಿ ತೋಟಗಳಿವೆ. ಇಟಲಿಯ ಸಾಂಜಿಯೋವೇಸೆ ತಳಿಯನ್ನು ಕ್ಯಾಬರ್ನೆಯೊಡನೆ ಬೆರೆಸಿ ಅವರು ಮಾಡುವ ಸೆತ್ತೆ ಕೆಲವು ವರ್ಷ ಇಟ್ಟು ನೋಡಲು ತಕ್ಕದ್ದು. ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಕೊಪ್ಪಳ ಜಿಲ್ಲೆಯಲ್ಲಿ, ಕ್ರಸ್ಮಾ ಎಸ್ಟೇಟ್ಸ್ ಹಂಪಿ ಹಿಲ್ಸ್ ಎಂಬ ಹೆಸರಿನಡಿ ಕ್ಯಾಬರ್ನೆ ಸೊವಿನ್ಯೋಂ ಬೆಳೆದು ವೈನ್ ಮಾಡುತ್ತಿದೆ. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಗೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಮಾರ್ಗದರ್ಶನವಿತ್ತು, ಅದರ ಲಾ ರಿಸರ್ವ್ ಎಂಬ ವೈನ್ ಬಹಳ ಕಾಲದಿಂದ ಹೆಸರಾದದ್ದು. ನಾಸಿಕದ ಸುಲಾ ವೈನ್ ಸಂಸ್ಥೆ ದೇಶದಲ್ಲೇ ದೊಡ್ಡದು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ರಾಜ್ಯದ ವೈನ್ ಉದ್ಯಮಕ್ಕೆ ಒಂದು ಚೌಕಟ್ಟು ದೊರೆಯಿತು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಯುರೋಪಿನ ತೋಟಗಳನ್ನು ಹಾಳುಮಾಡಿದಾಗ, ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಯುರೋಪಿನ ತಳಿಗಳನ್ನು ಕಸಿ ಕಟ್ಟಿ ಅವುಗಳನ್ನು ಉಳಿಸಿಕೊಂಡರು. ನಮ್ಮ ದ್ರಾಕ್ಷಿ ಸೀಮೆಯ ರೈತರು ಸವಳು ನೆಲಕ್ಕೂ ನೀರಿನ ಅಭಾವಕ್ಕೂ ತಾಳಲೆಂದು ನೆಡುವ ಡಾಗ್‌ರಿಡ್ಜ್ ಬೇರುಸಸಿಯೂ ಅಮೆರಿಕ ಮೂಲದ್ದೇ. ಕಾರಣ ಬೇರೆಯಾದರೂ ವಿದ್ಯೆ ಒಂದೇ.

ಕಾಪಿಡುವುದು: ಇಡೀ ವಿಷಯದ ತಿರುಳು

ನೆಲದಾಳ ತಂಪೆಂಬ ಅನುಭವ ನಮ್ಮ ಸೀಮೆಗೆ ಹೊಸದಲ್ಲ. ಜೋಳ ತುಂಬಿಡುತ್ತಿದ್ದ ಹಗೇವು, ಬಹಮನಿ ಕಾಲದಿಂದ ಉಳಿದುಬಂದ ಬೀದರಿನ ಸುರಂಗ ಬಾವಿ, ದಪ್ಪ ಗೋಡೆಯ ಮಾಳಿಗೆ ಮನೆಗಳ ಒಳಕೋಣೆ ಇವೆಲ್ಲ ಅದಕ್ಕೆ ಸಾಕ್ಷಿ. ಹಾಗಾದರೆ ನೆಲಮಾಳಿಗೆಯೊಂದನ್ನು ತೋಡಿದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಭೂಮಿಯಲ್ಲಿ ಹಲವು ಮೀಟರ್ ಆಳಕ್ಕೆ ಹೋದಂತೆ ಋತುಮಾನದ ಏರಿಳಿತ ಅಡಗಿ, ಉಷ್ಣಾಂಶ ಆ ಊರಿನ ವಾರ್ಷಿಕ ಸರಾಸರಿಗೆ ಬಂದು ನಿಲ್ಲುತ್ತದೆ. ಬರ್ಗಂಡಿಯ ವಾರ್ಷಿಕ ಸರಾಸರಿ 11 ಡಿಗ್ರಿಯ ಆಸುಪಾಸು, ಆದ್ದರಿಂದ ಅಲ್ಲಿ ನೆಲ ಅಗೆದರೆ ವೈನ್‌ಗೆ ಹೇಳಿ ಮಾಡಿಸಿದ ತಂಪು ತಾನಾಗಿ ಸಿಗುತ್ತದೆ. ಕಲಬುರಗಿಯ ಸರಾಸರಿ 27ರ ಹತ್ತಿರ. ಇಲ್ಲಿ ಎಷ್ಟೇ ಆಳಕ್ಕೆ ತೋಡಿದರೂ ಸ್ಥಿರತೆ ದೊರೆಯುತ್ತದೆಯೇ ಹೊರತು 13 ಡಿಗ್ರಿ ದೊರೆಯುವುದಿಲ್ಲ. ಎತ್ತರದ ಜಂಬಿಟ್ಟಿಗೆ ದಿಣ್ಣೆಯ ಮೇಲಿರುವ ಬೀದರ್ ತುಸು ವಾಸಿ, ಆದರೂ ವೈನ್‌ಗೆ ಸಾಕಾಗುವಷ್ಟಲ್ಲ. ನೆಲಮಾಳಿಗೆ ಕಟ್ಟಿಸಲು ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ಈ ಒಂದು ಅಂಶವನ್ನು ಮನಗಾಣಬೇಕು.

ಹೀಗಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಡಬೇಕೆಂದರೆ ವೈನ್ ಫ್ರಿಜ್ ಅನಿವಾರ್ಯ. ಇದರಲ್ಲಿ ಎರಡು ಬಗೆಗಳಿವೆ. ಅಗ್ಗವಾದ, ಸದ್ದಿಲ್ಲದ ಥರ್ಮೋಎಲೆಕ್ಟ್ರಿಕ್ ಬಗೆಯದು ಕೋಣೆಯ ಉಷ್ಣಾಂಶಕ್ಕಿಂತ ಒಂದು ಮಿತಿಯಷ್ಟು ಮಾತ್ರ, ಹೆಚ್ಚೆಂದರೆ 15 ಡಿಗ್ರಿಯ ಸುಮಾರು, ಕೆಳಗಿಳಿಸಬಲ್ಲದು. ಕೋಣೆ 38 ಇದ್ದರೆ ಒಳಗೆ 23ರ ಸುತ್ತ ಇರುತ್ತದೆ, ಅಂದರೆ ಅತಿ ಅಗತ್ಯವಾದ ತಿಂಗಳುಗಳಲ್ಲೇ ಅದು ಕೈಕೊಡುತ್ತದೆ. ನಮಗೆ ಬೇಕಾದದ್ದು ಕಂಪ್ರೆಸರ್ ಇರುವ ಬಗೆ. ಅದರಲ್ಲೂ ಒಳಗಡೆ ಅಥವಾ ಹಿಂಬದಿಯಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಹವಾಮಾನ ವರ್ಗವನ್ನು ಸೂಚಿಸುವ ಅಕ್ಷರಗಳನ್ನು ನೋಡಬೇಕು. ಎನ್ ಎಂದಿದ್ದರೆ ಅದು 16ರಿಂದ 32 ಡಿಗ್ರಿ ಇರುವ ಕೋಣೆಗೆ, ಎಸ್‌ಟಿ ಎಂದಿದ್ದರೆ 38ರವರೆಗೆ, ಟಿ ಎಂದಿದ್ದರೆ 43ರವರೆಗೆ ಕೆಲಸ ಮಾಡುವಂತೆ ರೂಪಿಸಿದ್ದು. ಕಲಬುರಗಿ, ಯಾದಗಿರಿಗೆ ಟಿ ವರ್ಗದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಅಂಗಡಿಯವರು ಬಾಟಲಿಗಳ ಸಂಖ್ಯೆಯನ್ನೂ ಗಾಜಿನ ಬಾಗಿಲಿನ ಅಂದವನ್ನೂ ಹೇಳುತ್ತಾರೆ, ಈ ಅಕ್ಷರವನ್ನು ನಾವೇ ಬಗ್ಗಿ ನೋಡಬೇಕು. ಒಳಗಿನ ಉಷ್ಣಾಂಶವನ್ನು 13ಕ್ಕೆ ಇಟ್ಟು, ಬೆನ್ನ ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಸ್ಟೇಬಿಲೈಸರ್ ಜೋಡಿಸಬೇಕು. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರಿಜ್ ಹಲವು ಗಂಟೆ ತಂಪು ಹಿಡಿದಿಡುತ್ತದೆ. ಅರೆಖಾಲಿ ಇದ್ದರೆ ನೀರು ತುಂಬಿದ ಬಾಟಲಿಗಳನ್ನಿಟ್ಟು ಆ ಜಾಗವನ್ನು ತುಂಬಬಹುದು.

ಅಡುಗೆಮನೆಯ ಫ್ರಿಜ್ 4 ಡಿಗ್ರಿಯಷ್ಟು ತಣ್ಣಗೂ ಒಣದಾಗಿಯೂ ಇರುವುದರಿಂದ ವರ್ಷಗಟ್ಟಲೆ ಇಡಲು ಸೂಕ್ತವಲ್ಲ. ಆದರೆ ಒಂದು ಬೇಸಿಗೆಯನ್ನು ದಾಟಿಸಲು, ಬೇರೆ ದಾರಿಯಿಲ್ಲದಿದ್ದರೆ, ಅದು ಬಿಸಿ ಕೋಣೆಗಿಂತ ಎಷ್ಟೋ ಮೇಲು. ಬಿರಡೆ ಒಣಗದಿರಲು ಗಾಳಿಯ ತೇವಾಂಶ ಶೇಕಡಾ 60ರಿಂದ 70 ಇರಬೇಕು, ನಮ್ಮ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದು ಬಹಳ ಕೆಳಗಿಳಿಯುತ್ತದೆ. ಕಾರ್ಕ್ ಬಿರಡೆಯ ಬಾಟಲಿಯನ್ನು ಮಲಗಿಸಿಡುವುದು ವೈನ್ ತಾನೇ ಬಿರಡೆಯನ್ನು ಒದ್ದೆಯಾಗಿಡಲಿ ಎಂದು. ತಿರುಗುಮುಚ್ಚಳದ ಬಾಟಲಿಗೆ ಈ ಚಿಂತೆಯಿಲ್ಲ. ಬೆಳಕೂ ಶತ್ರುವೇ ಆದ್ದರಿಂದ ಗಾಜಿನ ಬಾಗಿಲಿನ ಫ್ರಿಜ್ಜನ್ನು ಕಿಟಕಿಯ ಎದುರಿಗೆ ಇಡಬಾರದು.

ಫ್ರಿಜ್ ಇಲ್ಲದೆ ಕೆಲವು ತಿಂಗಳು ಮಾತ್ರ ಇಡುವವರು ನೆಲ ಅಂತಸ್ತಿನಲ್ಲಿ, ಹೊರಗೋಡೆಗೆ ತಾಗದ, ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯ ಕಪಾಟಿನ ತಳಭಾಗವನ್ನು ಆರಿಸಿಕೊಳ್ಳಬೇಕು. ಆ ಜಾಗವನ್ನು ಪರೀಕ್ಷಿಸಲು ಸುಲಭ ಉಪಾಯವಿದೆ: ಒಂದು ಬಾಟಲಿಗೆ ನೀರು ತುಂಬಿ, ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟು, ಮೇ ತಿಂಗಳಲ್ಲಿ ಒಂದು ವಾರ ಬೆಳಗ್ಗೆ ಮತ್ತು ಸಂಜೆ ನೋಡಿ ಬರೆದುಕೊಳ್ಳಬೇಕು. ಗಾಳಿಯ ಉಷ್ಣಾಂಶ ನೋಡಿದರೆ ಸಾಲದು, ವೈನ್ ಅನುಭವಿಸುವುದು ದ್ರವದ ಉಷ್ಣಾಂಶವನ್ನು. ಅದು 28 ದಾಟಿದರೆ ಅಲ್ಲಿ ಬೇಸಿಗೆ ಕಳೆಯುವ ಬಾಟಲಿಗಳನ್ನು ಇಡಲೇಬಾರದು.

ಕೊಳ್ಳುವಾಗ ಗಮನಿಸಬೇಕಾದದ್ದು

ಮನೆಯಲ್ಲಿ ಎಷ್ಟೇ ಜೋಪಾನ ಮಾಡಿದರೂ ಅಂಗಡಿಗೆ ಬರುವ ಮೊದಲೇ ಕೆಟ್ಟ ವೈನ್ ಸರಿಹೋಗುವುದಿಲ್ಲ. ನಮ್ಮ ಊರುಗಳಲ್ಲಿ ವೈನ್ ನಿಧಾನಕ್ಕೆ ಖರ್ಚಾಗುವ ಸರಕು, ಬಾಟಲಿ ಕಪಾಟಿನಲ್ಲಿ ಎರಡು ಮೂರು ವರ್ಷ ನಿಂತಿರಬಹುದು. ಕೈಗೆ ತೆಗೆದುಕೊಂಡ ಕೂಡಲೇ ಕೊಯ್ಲಿನ ವರ್ಷ ನೋಡಬೇಕು. ಬಾಟಲಿಯ ಕತ್ತನ್ನು ಬೆಳಕಿಗೆ ಹಿಡಿದು ವೈನ್ ಎಲ್ಲಿಯವರೆಗೆ ತುಂಬಿದೆಯೆಂದು ಪಕ್ಕದ ಬಾಟಲಿಯೊಡನೆ ಹೋಲಿಸಬೇಕು. ಮೇಲಿನ ಹೊದಿಕೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಿರಡೆ ಉಬ್ಬಿ ಮೇಲೆದ್ದಿದ್ದರೆ, ಕತ್ತಿನ ಮೇಲೆ ಅಂಟಂಟಾದ ಸೋರಿಕೆಯ ಗೆರೆಯಿದ್ದರೆ, ಆ ಬಾಟಲಿ ಬಿಸಿಲು ಕಂಡಿದೆ ಎಂದೇ ಅರ್ಥ. ಎಳೆಯದಾಗಿರಬೇಕಾದ ಬಿಳಿ ವೈನ್ ಚಹದ ಬಣ್ಣಕ್ಕೆ ತಿರುಗಿದ್ದರೂ ಅದನ್ನು ಬಿಡಬೇಕು. ಒದ್ದೆ ರಟ್ಟಿನ ವಾಸನೆ ಮಾತ್ರ ಶಾಖದ ದೋಷವಲ್ಲ. ಅದು ಟಿಸಿಎ ಎಂಬ ವಸ್ತುವಿನಿಂದ ಕಾರ್ಕ್‌ಗೆ ತಗಲುವ ದೋಷ, ತೆರೆದು ಮೂಸುವವರೆಗೆ ತಿಳಿಯುವುದಿಲ್ಲ.

ಖರೀದಿಗೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿ, ಏಕೆಂದರೆ ಲಾರಿಯಲ್ಲೂ ಗೋದಾಮಿನಲ್ಲೂ ಆಗ ಕಾವು ಕಡಿಮೆ. ಬೇಸಿಗೆಯಲ್ಲಿ ಕೊಂಡರೆ ಬಾಟಲಿಯನ್ನು ಕಾರಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ 50 ಡಿಗ್ರಿ ಮೀರಬಹುದು. ವಿದೇಶಿ ವೈನ್ ಮೇಲಿನ ಆಮದು ಸುಂಕ ದೀರ್ಘಕಾಲ ಶೇಕಡಾ 150ರಷ್ಟಿತ್ತು. ಆಸ್ಟ್ರೇಲಿಯಾದೊಡನೆ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಒಪ್ಪಂದದಿಂದ ಅಲ್ಲಿನ, 5 ಅಮೆರಿಕನ್ ಡಾಲರ್ ಮೀರಿದ ಬಾಟಲಿಗಳ ಸುಂಕ 100ಕ್ಕೂ, 15 ಡಾಲರ್ ಮೀರಿದವುಗಳ ಸುಂಕ 75ಕ್ಕೂ ಇಳಿದು, ಮುಂದೆ ಹಂತಹಂತವಾಗಿ ಇನ್ನೂ ಇಳಿಯುವಂತೆ ಗೊತ್ತುಪಡಿಸಲಾಯಿತು.

ಕಾನೂನಿನ ವಿಷಯವನ್ನು ಯಾರೂ ಹಗುರವಾಗಿ ಕಾಣಬಾರದು. ಮನೆಯಲ್ಲಿ ಒಬ್ಬರು ಯಾವ ಬಗೆಯ ಮದ್ಯವನ್ನು ಎಷ್ಟು ಲೀಟರ್ ಇಟ್ಟುಕೊಳ್ಳಬಹುದೆಂಬುದಕ್ಕೆ ಅಬಕಾರಿ ನಿಯಮಗಳಲ್ಲಿ ಮಿತಿಯಿದೆ. 750 ಮಿಲಿಲೀಟರಿನ 12 ಬಾಟಲಿಗಳೆಂದರೆ 9 ಲೀಟರ್ ಆಯಿತು. ಆದ್ದರಿಂದ ಫ್ರಿಜ್‌ನ ಗಾತ್ರ ನಿರ್ಧರಿಸುವ ಮೊದಲೇ ಜಿಲ್ಲಾ ಅಬಕಾರಿ ಕಚೇರಿಯಲ್ಲಿ ಚಾಲ್ತಿಯ ಮಿತಿಯನ್ನೂ ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಅನುಮತಿಯ ವಿಧಾನವನ್ನೂ ಕೇಳಿ, ಎಲ್ಲ ರಸೀದಿಗಳನ್ನೂ ಕಾಯ್ದಿಡಬೇಕು. ಅಕ್ಕಲಕೋಟೆ ಕಡೆ ಹೋದರೆ ಮಹಾರಾಷ್ಟ್ರ, ಜಹೀರಾಬಾದ್ ಕಡೆ ಹೋದರೆ ತೆಲಂಗಾಣ. ಅಲ್ಲಿ ಕಡಿಮೆಗೆ ಸಿಕ್ಕಿತೆಂದು ಪರವಾನಗಿಯಿಲ್ಲದೆ ಗಡಿ ದಾಟಿಸಿ ತರುವುದು ಅಪರಾಧವಾಗುತ್ತದೆ.

ಸಂಗ್ರಹದ ರೂಪ

ಇಷ್ಟೆಲ್ಲ ನೋಡಿದರೆ ನಮ್ಮ ಭಾಗದ ಮನೆಗೆ ಹನ್ನೆರಡು ಬಾಟಲಿಗಳ ಆಸುಪಾಸಿನ, ಅರಿತು ಆರಿಸಿದ ಸಂಗ್ರಹವೇ ತಕ್ಕದ್ದೆಂದು ನನಗೆ ಮನವರಿಕೆಯಾಗಿದೆ. ಅದರಲ್ಲಿ ಅರ್ಧದಷ್ಟು ಆ ವರ್ಷದಲ್ಲೇ ತೆರೆಯುವ ಸೊವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ ಎಂಬ ಬಿಳಿ ವೈನ್‌ಗಳೂ ಹಗುರ ಕೆಂಪು ವೈನ್‌ಗಳೂ ಇರಲಿ. ಉಳಿದ ಅರ್ಧದಲ್ಲಿ ಒಂದೇ ಒಳ್ಳೆಯ ಭಾರತೀಯ ಕೆಂಪು ವೈನ್‌ನ, ಒಂದೇ ವರ್ಷದ, ಮೂರು ಬಾಟಲಿಗಳನ್ನು ಕೊಂಡು ಒಂದನ್ನು ಆಗಲೇ, ಮತ್ತೊಂದನ್ನು ಎರಡು ವರ್ಷದ ಮೇಲೆ, ಮೂರನೆಯದನ್ನು ನಾಲ್ಕೈದು ವರ್ಷದ ಮೇಲೆ ತೆರೆಯಬೇಕು. ಮಾಗುವಿಕೆ ಎಂದರೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ. ಮಿಕ್ಕ ಸ್ಥಾನಗಳಲ್ಲಿ ಒಂದು ರಿಯೋಹಾ ರಿಸರ್ವಾ, ಒಂದು ಜರ್ಮನಿಯ ಸಿಹಿ ಬೆರೆತ ರೀಸ್ಲಿಂಗ್ ಎಂಬ ಬಿಳಿ ವೈನ್, ಸಿಕ್ಕರೆ ಒಂದು ಮದೀರಾ ಇರಲಿ.

ಮದೀರಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪೋರ್ಚುಗಲ್ಲಿಗೆ ಸೇರಿದ ಈ ಅಟ್ಲಾಂಟಿಕ್ ದ್ವೀಪದ ವೈನ್ ಪೀಪಾಯಿಗಳು ಹಿಂದೆ ಹಡಗುಗಳಲ್ಲಿ ಉಷ್ಣವಲಯ ದಾಟಿ ಭಾರತದ ಕಡೆಗೆ ಸಾಗುವಾಗ, ಕೆಡುವ ಬದಲು ರುಚಿ ಹೆಚ್ಚಿಸಿಕೊಂಡದ್ದನ್ನು ವ್ಯಾಪಾರಿಗಳು ಗಮನಿಸಿದರು. ಹೋಗಿ ಮರಳಿ ಬಂದ ಪೀಪಾಯಿಗಳಿಗೆ ವಿಶೇಷ ಬೆಲೆಯೂ ಇತ್ತು. ಈಗ ಅದೇ ಪರಿಣಾಮವನ್ನು ಬಿಸಿ ಮಾಡುವ ತೊಟ್ಟಿಗಳಲ್ಲಿ ಅಥವಾ ಬಿಸಿಲು ಕಾಯುವ ಅಟ್ಟಗಳಲ್ಲಿ ವರ್ಷಗಟ್ಟಲೆ ಇಟ್ಟು ತರುತ್ತಾರೆ. ಶಾಖವನ್ನೂ ಗಾಳಿಯನ್ನೂ ಮೊದಲೇ ಉಂಡಿರುವ ಈ ವೈನ್ ತೆರೆದ ಮೇಲೂ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಹವೆಗೆ ಇದರಷ್ಟು ಒಗ್ಗುವ ವೈನ್ ಮತ್ತೊಂದಿಲ್ಲ, ಆದರೂ ಇಲ್ಲಿ ಅದನ್ನು ಕೇಳುವವರು ಬಹಳ ವಿರಳ.

ಹೂಡಿಕೆಗಾಗಿ ಅಪರೂಪದ ಬಾಟಲಿ ಕೊಳ್ಳುವ ಆಲೋಚನೆಯನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಬಾಟಲಿ ಎಲ್ಲೆಲ್ಲಿ, ಎಂಥ ಉಷ್ಣಾಂಶದಲ್ಲಿ ಇತ್ತೆಂಬ ದಾಖಲೆಯ ಮೇಲೆಯೇ ಅದರ ಬೆಲೆ ನಿಂತಿರುತ್ತದೆ, ನಕಲಿಯ ಅಪಾಯವೂ ಇದೆ. ಅಮೆರಿಕದಲ್ಲಿ ರೂಡಿ ಕುರ್ನಿಯಾವನ್ ಎಂಬಾತ ಸಾಧಾರಣ ವೈನ್‌ಗಳನ್ನು ಬೆರೆಸಿ ಶ್ರೇಷ್ಠ ಬರ್ಗಂಡಿಗಳ ಲೇಬಲ್ ಹಚ್ಚಿ ಮಾರಿ, 2014ರಲ್ಲಿ ಹತ್ತು ವರ್ಷದ ಸೆರೆವಾಸಕ್ಕೆ ಗುರಿಯಾದನು.

ಊಟದೊಡನೆ, ತೆರೆಯುವ ಹೊತ್ತಿನಲ್ಲಿ

ಕೆಂಪು ವೈನ್ ಅನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಮಾತು 18 ಡಿಗ್ರಿಯ ಯುರೋಪಿನ ಕೋಣೆಗೆ ಸಲ್ಲುತ್ತದೆ. ಇಲ್ಲಿ ಕೆಂಪು ವೈನ್ ಅನ್ನೂ ಅಡುಗೆಮನೆಯ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು 16ರಿಂದ 18ಕ್ಕೆ ತಂದು ಬಡಿಸಬೇಕು, ಬಿಳಿಯದನ್ನು 8ರಿಂದ 12ಕ್ಕೆ. ಖಾರದ ಊಟದೊಡನೆ ಒಗರು ಮತ್ತು ಆಲ್ಕೋಹಾಲ್ ಹೆಚ್ಚಿರುವ ವೈನ್ ಕುಡಿದರೆ ಖಾರದ ಉರಿ ಇನ್ನಷ್ಟು ಏರುತ್ತದೆ; ಶೇಂಗಾ ಹಿಂಡಿ, ಕೆಂಪು ಖಾರ ಹಚ್ಚಿದ ರೊಟ್ಟಿಯ ಮುಂದೆ ದುಬಾರಿ ಕ್ಯಾಬರ್ನೆ ಸೋಲುತ್ತದೆ, ತುಸು ಸಿಹಿಯಿರುವ ಶೆನಿನ್ ಬ್ಲಾಂ ಅಥವಾ ರೀಸ್ಲಿಂಗ್ ಗೆಲ್ಲುತ್ತದೆ. ಪುಂಡಿಪಲ್ಯದ ಹುಳಿಗೆ ಅದಕ್ಕಿಂತ ಕಡಿಮೆ ಆಮ್ಲತೆಯ ವೈನ್ ಸಪ್ಪೆಯೆನಿಸುವುದರಿಂದ ಅಲ್ಲಿ ಸೊವಿನ್ಯೋಂ ಬ್ಲಾಂ ಸರಿಯಾದ ಜೋಡಿ. ಒಗರುಳ್ಳ ಕೆಂಪು ವೈನ್‌ಗೆ ಖಾರ ಕಡಿಮೆಯಿರುವ ಮಟನ್ ಕಬಾಬ್ ಅಥವಾ ತಹರಿ ಹೊಂದುತ್ತದೆ, ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಟ್ಯಾನಿನ್‌ನ ಬಿಗಿತವನ್ನು ಸಡಿಲಿಸುತ್ತವೆ.

ಹಲವು ವರ್ಷ ಮಲಗಿಸಿಟ್ಟ ಕೆಂಪು ವೈನ್ ತೆರೆಯುವುದಾದರೆ ಒಂದು ದಿನ ಮೊದಲೇ ಅದನ್ನು ನೇರವಾಗಿ ನಿಲ್ಲಿಸಬೇಕು, ಗಸಿ ತಳ ಸೇರಲು ಅಷ್ಟು ಹೊತ್ತು ಬೇಕು. ಬಿರಡೆ ತೆಗೆದು, ಕತ್ತಿನ ಹಿಂದೆ ಬೆಳಕು ಹಿಡಿದು, ಶುಭ್ರವಾದ ಗಾಜಿನ ಹೂಜಿಗೆ ಒಂದೇ ಹದದಲ್ಲಿ ಬಗ್ಗಿಸುತ್ತ, ಗಸಿ ಕತ್ತಿನವರೆಗೆ ಬಂದದ್ದು ಕಂಡೊಡನೆ ನಿಲ್ಲಿಸಬೇಕು. ಬಹಳ ಹಳೆಯ ವೈನ್ ಗಾಳಿಗೆ ಬೇಗ ಸೊರಗುವುದರಿಂದ ಅದನ್ನು ಕೂಡಲೇ ಬಡಿಸಬೇಕು, ಎಳೆಯ ಬಿಗಿ ವೈನ್ ಮಾತ್ರ ಒಂದು ಗಂಟೆ ಗಾಳಿಯಲ್ಲಿ ಕುಳಿತರೆ ಮೆತ್ತಗಾಗುತ್ತದೆ. ಉಳಿದದ್ದನ್ನು ಬಿರಡೆ ಹಾಕಿ ಅಡುಗೆಮನೆಯ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನಗಳೊಳಗೆ ಮುಗಿಸಬೇಕು, ಕೆಂಪು ವೈನ್ ಆದರೂ ಅಷ್ಟೆ.